ದೇವರಿಲ್ಲದ ಬೆಟ್ಟ

ಗೌರಿಬಿದನೂರು ಕಡೆಯ ಆಂಜಿನಮ್ಮ ಮಸ್ಕತ್ತಿಗೆ ಹೋದದ್ದು ಡಾಕ್ಟರ್ ಕಲ್ಯಾಣಿಯವರ ಮನೆಯಲ್ಲಿ ಅಡುಗೆ ಮಾಡಲು. ಯಾರ ಮುಲಾಜಿಗೂ ಬೀಳದ ಹೆಂಗಸು. ಉಪ್ಪು ಕಡಿಮೆ ಎಂದವರ ಮುಂದೆ ಉಪ್ಪಿನ ಡಬ್ಬಿಯನ್ನೇ ತಂದು ಕುಕ್ಕುತ್ತಿದ್ದಳು.

2006ರಲ್ಲಿ ಒಮ್ಮೆ ರಜೆ ಸಿಕ್ಕಿದಾಗ ಕಲ್ಯಾಣಿಯವರು, "ಸಿಟಿ ಸಾಕಾಗಿದೆ ಆಂಜಿನಮ್ಮ, ಬೆಟ್ಟ, ಸಮುದ್ರ ಅಂತ ಸುತ್ತಿ ಬರೋಣ" ಎಂದರು. ಬೆಟ್ಟ ಎಂದಮೇಲೆ ಕೇಳಬೇಕೆ? ಆಂಜಿನಮ್ಮ ತಲೆಗೆ ಸ್ನಾನ ಮಾಡಿ, ತೆಂಗಿನಕಾಯಿ, ಕರ್ಪೂರ, ಅರಿಶಿನ ಕುಂಕುಮ ಕಟ್ಟಿಕೊಂಡು ಕಾರು ಹತ್ತಿದಳು. ಬೆಟ್ಟದ ಬುಡದಲ್ಲೇ ಚಪ್ಪಲಿ ಬಿಟ್ಟು, ಕಾದ ಬಂಡೆಯ ಮೇಲೆ ಬರಿಗಾಲಲ್ಲಿ ಕುಣಿಯುತ್ತಾ ತುದಿ ಮುಟ್ಟಿದಳು. ಅಲ್ಲಿ ಗುಡಿಯಿಲ್ಲ, ಗಂಟೆಯಿಲ್ಲ, ಕುಂಕುಮ ಬಳಿದ ಒಂದು ಕಲ್ಲೂ ಇಲ್ಲ.

"ದೇವ್ರೆಲ್ಲಮ್ಮಾ?"

"ದೇವರಿಲ್ಲ, ಸುಮ್ನೆ ನೋಡೋಕೆ ಬರೋದು. ಎಷ್ಟು ಚೆನ್ನಾಗಿದೆ ಅಲ್ವಾ?"

"ಬರೀ ಬಂಡೆ ನೋಡಕ್ಕೆ ಕಾಲು ಸುಟ್ಕೊಂಡ್ನಾ? ನಮ್ಮೂರಲ್ಲಿ ಇಂಥಾ ಬೆಟ್ಟಾನ ಕುರಿ ಕಾಯೋರು ಬಿಟ್ರೆ ಯಾರೂ ಹತ್ತಲ್ಲ ಕಣಮ್ಮ!"

ಸಂಜೆ ಸಮುದ್ರದ ದಡ ಸೇರುವವರೆಗೂ ಅವಳ ಮುಖ ಊದಿಕೊಂಡೇ ಇತ್ತು. ಅಷ್ಟು ನೀರು ಕಂಡಾಗ ಮಾತ್ರ ಗಂಗಮ್ಮ ನೆನಪಾದಳು. ದೇವರಿಗೆಂದು ತಂದ ಕಾಯಿಯನ್ನು ವಾಪಸು ಒಯ್ಯುವುದುಂಟೆ? ಚಪ್ಪಲಿಯನ್ನು ಮರಳ ಮೇಲೆ ಬಿಟ್ಟು, ಕಲ್ಲೊಂದಕ್ಕೆ ಕಾಯಿ ಒಡೆದು, ಕಣ್ಣು ಮುಚ್ಚಿ ಕೈಮುಗಿದಳು. ದೊಡ್ಡ ಅಲೆಯೊಂದು ಬಂದು ಮೊಣಕಾಲವರೆಗೂ ತೋಯಿಸಿ ಹೋಯಿತು. ಕಣ್ಣು ಬಿಟ್ಟು ತಿರುಗಿದರೆ ಚಪ್ಪಲಿ ಮಾಯ.

ಕಲ್ಯಾಣಿಯವರು ಅಯ್ಯೋ ಎಂದು ಓಡಿ ಬಂದರು. ಆಂಜಿನಮ್ಮನ ಮುಖ ಮಾತ್ರ ಬೆಳಗಿನಿಂದ ಮೊದಲ ಸಲ ಅರಳಿತ್ತು.

"ಚಪ್ಪಲಿ ಕಳುವಾಯ್ತು ಅಂದ್ರೆ ಇದು ಪಕ್ಕಾ ದೇವಸ್ಥಾನಾನೇ ಕಣಮ್ಮ!"