ಕಮರಿಗೆ ಇಳಿದ ಅತ್ತೆ

ಮೈಸೂರಿನಿಂದ ಅತ್ತೆ ನೈರೋಬಿಗೆ ಬಂದು ಎರಡು ವಾರವಾಗಿತ್ತು. ಪಾರ್ಕ್‌ಲ್ಯಾಂಡ್ಸ್‌ನ ನಮ್ಮ ಫ್ಲ್ಯಾಟಿನಿಂದ ದೇವಸ್ಥಾನಕ್ಕೆ, ಅಲ್ಲಿಂದ ಮತ್ತೆ ಫ್ಲ್ಯಾಟಿಗೆ ಓಡಾಡಿ ಅವರಿಗೆ ಸಾಕಾಗಿತ್ತು. ಭಾನುವಾರ ನೈವಾಶಾ ಕಡೆಯ ಕಮರಿಗೆ ಹೋಗೋಣವೆಂದು ನನ್ನ ಗಂಡ ಹೇಳಿದಾಗ, ಅತ್ತೆ ಕೆಳಗಿಳಿಯದೆ ಮೇಲೇ ಕೂತಿರುತ್ತಾರೆ ಅಂದುಕೊಂಡಿದ್ದೆ. ಅವರು ಅಂದೇ ಸಂಜೆ ನನ್ನ ಹಳೆಯ ಸ್ಪೋರ್ಟ್ಸ್ ಶೂ ಹಾಕಿಕೊಂಡು ಕಾರಿಡಾರಿನಲ್ಲಿ ನಾಲ್ಕು ಸುತ್ತು ನಡೆದರು. ಆಗ ಅವರಿಗೆ ಅರವತ್ತೇಳು.

ಒಣ ಬಯಲು, ಮುಳ್ಳುಗಿಡಗಳು, ಕಾರಿನೊಳಗೂ ಧೂಳು. ಕಮರಿಯ ಬಾಯಲ್ಲಿ ನಮಗೆ ಸಿಕ್ಕ ಗೈಡ್ ನನ್ನ ವಯಸ್ಸಿನ ಮಸಾಯಿ ಬುಡಕಟ್ಟಿನ ಹೆಂಗಸು. ಮಳೆ ಬಂದರೆ ಕಮರಿಗೆ ಒಮ್ಮೆಲೇ ನೀರು ನುಗ್ಗುತ್ತದಂತೆ. ಆಕೆ ಮೊದಲು ನಾಲ್ಕೂ ದಿಕ್ಕಿಗೆ ಆಕಾಶ ನೋಡಿ, ಎಲ್ಲೂ ಮೋಡವಿಲ್ಲವೆಂದು ಖಾತ್ರಿಯಾದ ಮೇಲೆ "ಟ್ವೆಂಡೆ", ಹೋಗೋಣ, ಎಂದು ಹೊರಟಳು. ಬ್ಯಾಡ್ಮಿಂಟನ್ ಆಡಿ ಮಂಡಿ ಉಳುಕಿಸಿಕೊಂಡಿದ್ದ ನನ್ನ ಗಂಡನೇ ಮೇಲೆ ಉಳಿಯಬೇಕಾಯಿತು.

"ಅಮ್ಮ, ನೀನೂ ಇಲ್ಲೇ ಇರು," ಅಂದರು.

"ಇಷ್ಟು ದೂರ ಬಂದು ನಿನ್ನ ಮುಖ ನೋಡ್ಕೊಂಡು ಕೂತ್ಕೊಳ್ಲಾ?" ಎಂದು ಅತ್ತೆ ಸೀರೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿದರು.

ಇಳಿಯುತ್ತಾ ಹೋದಂತೆ ಗೋಡೆಗಳು ಹತ್ತಿರವಾದವು. ಎರಡೂ ಕೈ ಚಾಚಿದರೆ ಎರಡೂ ಬಂಡೆ ಸಿಗುತ್ತಿತ್ತು. ಒಂದು ಕಡೆ ಬಿರುಕಿನಿಂದ ಹಬೆಯಾಡುವ ನೀರು ತೊಟ್ಟಿಕ್ಕುತ್ತಿತ್ತು. "ಬಿಸಿನೀರು ಕಣೇ!" ಎಂದು ಅತ್ತೆ ಕೂಗಿದ್ದು ಮೇಲೆ ಎಲ್ಲೋ ಹೋಗಿ ಮರುದನಿಯಾಯಿತು.

ಮುಂದೆ ಆಳೆತ್ತರದ ನುಣುಪಾದ ಬಂಡೆ. ಗೈಡ್ ಮತ್ತು ನನ್ನ ಒಂಬತ್ತು ವರ್ಷದ ಮಗಳು ಮೊದಲು ಇಳಿದರು. ನಾನು ಮೇಲಿಂದ ಅತ್ತೆಯ ತೋಳು ಹಿಡಿದಿದ್ದೆ. ಅರ್ಧಕ್ಕೆ ಅವರು ನಿಂತುಬಿಟ್ಟರು. ಗೈಡ್ ಕಾಲಿಡುವ ಜಾಗವನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ಅತ್ತೆಗೆ ಇಂಗ್ಲಿಷ್ ಬಾರದು. ನನಗೆ ಗೈಡಿನ ಮೆಲುದನಿ ಸರಿಯಾಗಿ ಕೇಳುತ್ತಿರಲಿಲ್ಲ, ಅತ್ತೆಯ ಪಾದವೂ ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ಮಗಳಿಗೆ. ಆದರೆ ಅವಳು ನಾವು ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು.

"ಅಜ್ಜಿ!" ಎಂದಳು. ಎಡ, ಬಲ ಎನ್ನುವ ಕನ್ನಡ ಪದ ಅವಳಿಗೆ ಹೊಳೆಯಲಿಲ್ಲ. "ಕಾಲು... ಆ ಕಾಲಲ್ಲ... ವಾಚ್ ಇರೋ ಕಾಲು!"

"ಕಾಲಿಗೆ ಯಾರಾದ್ರೂ ವಾಚ್ ಕಟ್ತಾರೇನೇ?" ಅತ್ತೆಗೆ ನಗು ತಡೆಯಲಾಗಲಿಲ್ಲ. ನನ್ನ ಕೈಯೊಳಗೆ ಅವರ ತೋಳು ಕುಲುಕುತ್ತಿತ್ತು; ಎಲ್ಲಿ ಜಾರುತ್ತಾರೋ ಎಂದು ನಾನು ಇನ್ನೂ ಬಿಗಿಯಾಗಿ ಹಿಡಿದೆ.

"ಹಾಂ, ಅದೇ! ಕೆಳಗೆ ಹಾಕಿ. ಇನ್ನೂ ಕೆಳಗೆ. ಅಲ್ಲಿ ತೂತು ಇದೆ!"

ವಾಚ್ ಕಟ್ಟಿದ್ದ ಕೈಯ ಕಡೆಯ ಎಡಗಾಲಿಗೆ ಸಂದಿ ಸಿಕ್ಕಿತು. ಆಮೇಲೆ "ವಾಚ್ ಇಲ್ಲದ ಕಾಲು". ಗೈಡ್ ಸೊಂಟ ಹಿಡಿದು ಮರಳಿನ ಮೇಲೆ ಇಳಿಸಿದಳು. ಅತ್ತೆ ಆಕೆಯ ಎರಡೂ ಕೈ ಹಿಡಿದು, ಬಂದ ದಿನದಿಂದ ಕಲಿತಿದ್ದ ಒಂದೇ ಸ್ವಾಹಿಲಿ ಪದ "ಅಸಾಂಟೆ", ಧನ್ಯವಾದ, ಅದನ್ನು ಮೂರು ಸಲ ಹೇಳಿದರು. ಮಗಳು ಕುಣಿಯುತ್ತಿದ್ದಳು. ನಾನು ಇಳಿಯುವ ಸರದಿ ಬಂದಾಗ ಅಜ್ಜಿ ಮೊಮ್ಮಗಳು ಇಬ್ಬರೂ ಒಟ್ಟಿಗೆ ಕೂಗಿ ನಿರ್ದೇಶನ ಕೊಡತೊಡಗಿದರು, ಒಬ್ಬೊಬ್ಬರದು ಒಂದೊಂದು ಕಾಲು.

ಮಧ್ಯಾಹ್ನ ಬೆವರಿ, ಧೂಳು ಮೆತ್ತಿಕೊಂಡು ಮೇಲೆ ಹತ್ತಿ ಬಂದೆವು. ಪುಳಿಯೋಗರೆ ತಿನ್ನುತ್ತಾ ಮಗಳು ಅಪ್ಪನಿಗೆ ಇಡೀ ಕಥೆ ಹೇಳಿದಳು, ಅರ್ಧ ಇಂಗ್ಲಿಷ್, ಅರ್ಧ ಕನ್ನಡ. ಅವಳು ತಪ್ಪಿದಲ್ಲೆಲ್ಲ ಅತ್ತೆ ಪದ ಕೊಡುತ್ತಿದ್ದರು.