ದಂಡೆ ಕಟ್ಟುವ ಕೈ

ನನ್ನ ಬಲಗೈಗೆ ಇಸುಬು ಬಂದು ಆರು ವರ್ಷ. ಬೆರಳಿನ ಸಂದಿಯಲ್ಲಿ ತುರಿಸುತ್ತದೆ, ಒಡೆಯುತ್ತದೆ, ಒಣಗುತ್ತದೆ. ಇನ್ನು ಹೋಯಿತು ಎಂದು ನಾಲ್ಕು ಜನರೆದುರು ಹೇಳಿಕೊಂಡ ಮರುದಿನವೇ ಮರಳಿ ಬರುತ್ತದೆ. ಚಿಂತೆ ಮಾಡುವುದರಲ್ಲಿ ನನ್ನನ್ನು ಮೀರಿಸುವವರು ಸಿರಸಿ ಸೀಮೆಯಲ್ಲಿಲ್ಲ. ಈ ಕೈಯ ವಿಷಯದಲ್ಲಿ ಮಾತ್ರ, ಎಲ್ಲಿ ತಮಗೆ ಅಂಟುತ್ತದೋ ಎಂದು ಹೆದರಿ, ಊರವರು ಮೀರಿಸಿದ್ದರು.

ಅಣ್ಣನ ಮಗಳ ಮದುವೆ ನಿಶ್ಚಯವಾದಾಗ ಅತ್ತಿಗೆ ಫೋನ್ ಮಾಡಿದಳು.

"ತಂಗಿ, ಕೈ ಗುಣ ಆದ್ರೆ ದಂಡೆ ನೀನೇ ಕಟ್ಟು. ಇಲ್ದಿದ್ರೆ ಪೇಟೆಲಿ ಹೇಳ್ತೆ. ಕೂಸಿನ ತಲೆಗೆ ಹೋಪದು ಅಲ್ದನೇ."

ಮದುಮಗಳ ತಲೆಗೆ ಮುಡಿಸುವ ಹೂವಿನ ದಂಡೆಯನ್ನು ನಮ್ಮ ಮನೆಯ ಹುಡುಗಿಯರಿಗೆಲ್ಲ ಕಟ್ಟಿದವಳು ನಾನೇ. ನನಗೆ ಹಾಡು ಬಾರದು, ರಂಗೋಲಿ ಸೊಟ್ಟ, ಹೋಳಿಗೆ ಹರಿಯುತ್ತದೆ. ಬಾಳೆನಾರಿನಲ್ಲಿ ಹೂ ಕಟ್ಟುವುದೊಂದೇ ಹೇಳಿಕೊಳ್ಳುವಂಥ ವಿದ್ಯೆ. ಅದೂ ಹೋದರೆ ಮದುವೆಮನೆಯಲ್ಲಿ ನಾನು ಬರೀ ಉಣ್ಣುವವಳು.

ಹಾಗಾಗಿ ಮುಲಾಮುಗಳ ಬೆನ್ನು ಹತ್ತಿದೆ. ಎಕ್ಕಂಬಿ ಊರಿನಿಂದ ತಂದ ಹೊಂಗೆಎಣ್ಣೆ ಮುಲಾಮಿನ ವಾಸನೆಗೆ ನಮ್ಮ ಯಜಮಾನರು ಹಾಸಿಗೆ ಸುತ್ತಿಕೊಂಡು ಜಗುಲಿಗೆ ಹೋದರು. ಕೋಲಸಿರ್ಸಿಯಿಂದ ತಂದದ್ದರಲ್ಲಿ ಗಂಧಕವಿತ್ತು. ಪಟಾಕಿಗೆ ಹಾಕುವುದೂ ಅದನ್ನೇ ಎಂದು ನೆನಪಾಗಿ ವಾರವಿಡೀ ಗ್ಯಾಸ್ ಒಲೆಯಿಂದ ಮಾರು ದೂರ ನಿಂತು ಅಡುಗೆ ಮಾಡಿದೆ. ಕೊನೆಗೆ ಉಮ್ಮಚಗಿ ಕಡೆಯ, ದೂರದ ಸಂಬಂಧದ ಮಾವನೊಬ್ಬರು ನೀಲಿ ಮುಲಾಮು ಕೊಟ್ಟರು.

"ಅಡಿಕೆಗೆ ಕೊಳೆ ಬಂದ್ರೆ ಎಂತ ಹೊಡಿತ? ಮೈಲುತುತ್ತ. ನಿನ್ ಕೈಗೆ ಬಂದಿದ್ದೂ ಕೊಳೆನೇಯ."

ಹಚ್ಚಿದೆ. ಕಣ್ಣಲ್ಲಿ ನೀರು ಬಂತು. "ಉರಿತು ಮಾವ!" ಎಂದು ಫೋನಿನಲ್ಲಿ ಕೂಗಿದೆ.

"ಉರಿದ್ರೆ ತಾಗ್ತಾ ಇದ್ದು ಹೇಳಿ ಅರ್ಥ."

ಮೂರು ದಿನ ಅದನ್ನೇ ನಂಬಿದೆ. ಗುಣವಾಗುವ ಆಸೆಗಿಂತ, ದೊಡ್ಡವರ ಮಾತು ಮೀರುವ ಹೆದರಿಕೆಯೇ ನನಗೆ ಹೆಚ್ಚು. ನಾಲ್ಕನೆಯ ದಿನ ಅಂಗೈಯಲ್ಲಿ ಗುಳ್ಳೆ ಎದ್ದು, ಸಿರಸಿಯ ಚರ್ಮದ ಡಾಕ್ಟರ ಮುಂದೆ ಕುಳಿತೆ. ಅವರು ಮೈಲುತುತ್ತಕ್ಕೆ ಬೈದು, ಬೇರೆ ಮುಲಾಮು ಬರೆದುಕೊಟ್ಟರು. ಗುಳ್ಳೆ ಆರಿದ ಮೇಲೆ ಚರ್ಮ ಒಣಗದಂತೆ ಮುರುಗಲ ಹಣ್ಣಿನ ಬೀಜದ ತುಪ್ಪ ಸವರಿಕೊಳ್ಳಬಹುದು ಎಂದರು.

"ಇದು ಅಂಟುತ್ತದೆಯೇ?" ಎಂದು ಮೂರು ಸಲ ಕೇಳಿದೆ. ಮೂರು ಸಲವೂ ಅಂಟುವುದಿಲ್ಲ ಎಂದರು; ಮೂರನೆಯ ಸಲ ಸ್ವಲ್ಪ ಜೋರಾಗಿ.

ಮದುವೆಯ ಹಿಂದಿನ ದಿನ ಮಧ್ಯಾಹ್ನಕ್ಕೆ ಗುಳ್ಳೆ ಹೋಗಿತ್ತು, ಇಸುಬು ಇತ್ತು. ಅಣ್ಣನ ಮನೆಯಲ್ಲಿ ಹೂವಿನ ಬುಟ್ಟಿಯೆದುರು ಕುಳಿತುಬಿಟ್ಟೆ. ಅತ್ತಿಗೆ ಓಡಿ ಬಂದು, ಅಡುಗೆಯವರ ಪ್ಲಾಸ್ಟಿಕ್ ಗ್ಲೌಸ್ ಚಾಚಿದಳು.

"ಇದನ್ನಾದ್ರೂ ಹಾಕ್ಯಳೇ. ಮದುವೆಗೆ ಬಂದವು ಎಂತ ಹೇಳ್ತ!"

"ಇದು ಅಂಟ್ತಿಲ್ಲೆ ಅತ್ಗೆ. ಅಂಟೋದಾಗಿದ್ರೆ ನಮ್ಮನೆಯವ್ಕೆ ಯಾವತ್ತೋ ಅಂಟ್ತಿತ್ತು. ಇಪ್ಪತ್ತು ವರ್ಷದಿಂದ ನನ್ನ ಬುದ್ಧಿನೇ ಅವ್ಕೆ ಅಂಟಿದ್ದಿಲ್ಲೆ!"

ಸುತ್ತ ಕುಳಿತವರು ನಕ್ಕರು. ಅತ್ತಿಗೆ ನಗಲಿಲ್ಲ. ಗ್ಲೌಸನ್ನು ನಾನು ಬುಟ್ಟಿಯ ಕೆಳಗೆ ತಳ್ಳಿದೆ.

ಆದರೆ ಮೊದಲ ಗಂಟೇ ಜಾರಿತು. ಮುರುಗಲ ತುಪ್ಪ ಸವರಿದ ಕೈಯಲ್ಲಿ ನಾರು ನಿಲ್ಲುವುದಿಲ್ಲ. ಎರಡನೆಯದೂ ಜಾರಿತು. ಅತ್ತಿಗೆ ನೋಡುತ್ತ ನಿಂತಿದ್ದಳು. ಎದ್ದು ಹೋಗಿ, ಎಲ್ಲರೆದುರೇ ಸೀಗೆಪುಡಿ ಹಾಕಿ ಕೈ ತಿಕ್ಕಿ ತೊಳೆದು ಬಂದೆ. ಒಡೆದ ಬೆರಳಿಗೆ ಒದ್ದೆ ನಾರು ತಾಗಿದಾಗಲೆಲ್ಲ ಚುರ್ ಎನ್ನುತ್ತಿತ್ತು. ಈ ಉರಿ ಯಾವ ಮಾವ ಹೇಳಿದ್ದೂ ಅಲ್ಲ, ನಾನೇ ಆರಿಸಿಕೊಂಡಿದ್ದು. ಗಂಟಿನ ಮೇಲೆ ಗಂಟು ಕೂತಿತು.

ಮರುದಿನ ಮುಡಿಸುವಾಗ ಮದುಮಗಳು ತಲೆ ಬಗ್ಗಿಸಿ, "ಬಿಗಿ ಇರ್ಲಿ ಅತ್ತೆ, ರಾತ್ರಿವರೆಗೂ ಬೀಳ್ಲಾಗ" ಎಂದಳು.

ಮದುವೆಯುದ್ದಕ್ಕೂ ಅವಳ ಕತ್ತಿನ ಮೇಲೆ ಕೆಂಪು ಚುಕ್ಕಿ ಎದ್ದಿದೆಯೇ ಎಂದು ಹುಡುಕಿದೆ, ಡಾಕ್ಟರು ಮೂರು ಸಲ ಹೇಳಿದ್ದರೂ. ಏನೂ ಇರಲಿಲ್ಲ. ಮನೆಯವರೆಲ್ಲ ನಿಂತು ಫೋಟೋ ತೆಗೆಸಿಕೊಳ್ಳುವಾಗ ದಂಡೆ ಸರಿಮಾಡಲೆಂದು ಕೈಯೆತ್ತಿದ್ದೆ.

"ಅಕ್ಕಾ, ಕೈ ಸ್ವಲ್ಪ ಕೆಳಗೆ ಮಾಡಿ, ಫೋಟೋದಲ್ಲಿ ಬರ್ತದೆ" ಎಂದ ಫೋಟೋದವನು.

"ಬರಲಿ" ಎಂದೆ. ಇಳಿಸಲಿಲ್ಲ.