ಅಪ್ಪಾಸಾಬನ ಎಮ್ಮೆ

2022ರಲ್ಲಿ ನಾನು ಸದಲಗಾ ಭಾಗದ ಪಶುವೈದ್ಯನಾಗಿದ್ದೆ. ನಿವೃತ್ತಿಗೆ ಒಂದೂವರೆ ವರ್ಷ ಉಳಿದಿತ್ತು. ಒಂದು ಮಧ್ಯಾಹ್ನ ಹೊಳೆದಂಡೆಯ ತೋಟದಿಂದ ಶಿವಗೊಂಡ ಫೋನ್ ಮಾಡಿದ: ಎಮ್ಮೆ ಹಾಲು ಇಳಿಸುತ್ತಿಲ್ಲ.

ಶಿವಗೊಂಡ ಮತ್ತು ಅಪ್ಪಾಸಾಬ ಆ ತೋಟದ ಮನೆಯಲ್ಲಿ ಇಪ್ಪತ್ತೆರಡು ವರ್ಷ ಕೂಡಿ ಬಾಳಿದವರು. ಊರು ಅವರನ್ನು ದೋಸ್ತರು ಎನ್ನುತ್ತಿತ್ತು. ಗಂಡ ಹೆಂಡತಿಯ ಹಾಗೆ ಜೋಡಿ ಎಂಬುದು ಎಲ್ಲರಿಗೂ ಗೊತ್ತಿತ್ತು. ಬಾಯಿಬಿಟ್ಟರೆ ಮುಂದೇನಾದರೂ ಮಾಡಬೇಕಾಗುತ್ತದೆಂದು ಯಾರೂ ಹೇಳುತ್ತಿರಲಿಲ್ಲ. ಒಂಬತ್ತು ದಿನದ ಹಿಂದೆ ಅಪ್ಪಾಸಾಬ ಹೃದಯಾಘಾತದಿಂದ ತೀರಿಕೊಂಡಿದ್ದ. ಎಮ್ಮೆ ಹಿಂಡುತ್ತಿದ್ದವನು ಅವನೇ.

ನಾನು ಹೋದಾಗ ಅಪ್ಪಾಸಾಬನ ಅಕ್ಕ, ಐನಾಪುರದ ಅಕ್ಕಾತಾಯಿ, ಅಲ್ಲಿದ್ದರು. ಎಮ್ಮೆ ತಮ್ಮನದು, ಹಾಲು ಕೊಡದಿದ್ದರೆ ನಾಳೆ ಸಂತೆಗೆ ಹೊಡೆಯುವುದೇ ಎಂದು ತೀರ್ಮಾನಿಸಿದ್ದರು. ಶಿವಗೊಂಡನ ಪಾಲಿಗೆ ಆ ಮನೆಯಲ್ಲಿ ಉಳಿದಿದ್ದ ಇನ್ನೊಂದು ಜೀವ ಅದೊಂದೇ.

ಪರೀಕ್ಷಿಸಿದೆ. ಜ್ವರವಿಲ್ಲ, ಮಾಸ್ಟೈಟಿಸ್ ಎಂಬ ಕೆಚ್ಚಲುಬಾವು ಇಲ್ಲ. ಕೆಚ್ಚಲು ತುಂಬಿದೆ, ಬಂದದ್ದು ಅರ್ಧ ಲೀಟರ್. ಮಿದುಳಿನಿಂದ ಆಕ್ಸಿಟೋಸಿನ್ ಹಾರ್ಮೋನ್ ಬಂದರೆ ಮಾತ್ರ ಹಾಲು ಇಳಿಯುತ್ತದೆ. ಒಂದೇ ಕೈಗೆ ಒಗ್ಗಿದ ಎಮ್ಮೆ ಬೇರೆ ಕೈ ಬಿದ್ದರೆ ತಡೆದುಕೊಳ್ಳುತ್ತದೆ.

"ಇಂಜೆಕ್ಷನ್ ಹಾಕ್ರಿ, ಮುಗೀತು," ಎಂದರು ಅಕ್ಕಾತಾಯಿ.

"ಹಂಗ ಹಾಕಾಕ ಬರೂದಿಲ್ರಿ ಅಕ್ಕಾರ. ಸೂಜಿ ರೂಢಿ ಆದ್ರ ಮುಂದ ಸೂಜಿ ಇಲ್ದ ಹಾಲ ಇಳ್ಸೂದಿಲ್ಲ," ಎಂದೆ.

ಶಿವಗೊಂಡ ಮೇವು ಹಾಕುವ ಗೋದಲಿಯ ಪಕ್ಕದ ಕಟ್ಟೆಯ ಕಡೆ ನೋಡುತ್ತ ಹೇಳಿದ: "ಅಂವ ದಿನಾ ಬರ್ತಾನ್ರಿ ಸಾಹೇಬ್ರ. ಹಿಂಡಾಕ ಕುಂತ್ರ ಆ ಕಟ್ಟಿ ಮ್ಯಾಲ ಬಂದು ಕುಂದರ್ತಾನ."

"ಬಂದು ಏನಂತಾನ?" ಎಂದೆ.

"ಬೈತಾನ್ರಿ. ಅದು ಎಮ್ಮಿ ಮೊಲಿ ಐತಿ, ಗುಡಿ ಗಂಟಿ ಅಲ್ಲೋ ಹಂಗ ಜಗ್ಗಾಕ, ಅಂತಾನ."

"ಸತ್ತ ಮ್ಯಾಲೂ ಬೈಯಾಕ ಬರ್ತಾನಂದ್ರ ನಮ್ಮ ತಮ್ಮನ ಬಿಡು," ಎಂದರು ಅಕ್ಕಾತಾಯಿ. "ನನ್ನ ಕಡೆ ಒಂದ್ ದಿನಾನೂ ಬಂದಿಲ್ಲ."

ಅಪ್ಪಾಸಾಬನ ಹಳೆಯ ಅಂಗಿ ತೊಟ್ಟು ಹಿಂಡಿದರೆ ವಾಸನೆಗೆ ಎಮ್ಮೆ ಒಗ್ಗಬಹುದು ಎಂದೆ.

"ಅಂಗಿ ಎಲ್ಲಿಂದ ತರೂದ್ರಿ? ಮೂರನೇ ದಿನಕ್ಕ ಎಲ್ಲಾ ಹೊಳಿಗೆ ಬಿಟ್ಟೇವಿ," ಎಂದರು ಅಕ್ಕಾತಾಯಿ.

ಸತ್ತವರ ಬಟ್ಟೆ ಇಟ್ಟುಕೊಂಡರೆ ಅವರ ಜೀವ ಮನೆ ಬಿಡುವುದಿಲ್ಲವೆಂಬುದು ಆ ಮನೆಯವರ ನಂಬಿಕೆ. ಶಿವಗೊಂಡ ಎದ್ದು ಒಳಗೆ ಹೋಗಿ ತಲೆದಿಂಬಿನ ಕೆಳಗಿನಿಂದ ಒಂದು ಚೌಕಳಿ ಅಂಗಿ ತಂದ. ತೊಳೆದಿರಲಿಲ್ಲ.

"ಒಂದ ಇಟ್ಕೊಂಡೇನಿ, ಅಕ್ಕಾ. ಇಟ್ರ ಅಂವ ಹೋಗೂದಿಲ್ಲಂತ ಗೊತ್ತಿತ್ತು. ಅದಕ್ಕ ಇಟ್ಟೆ."

ಬೇರೆಲ್ಲೂ ನೋಡಲಾಗದೆ ನಾನು ಎಮ್ಮೆಯನ್ನೇ ನೋಡಿದೆ.

ಅಪ್ಪಾಸಾಬ ಕಡ್ಡಿ, ಇವನು ದಪ್ಪ. ಅಂಗಿ ತೊಟ್ಟರೆ ಎರಡು ಗುಂಡಿ ಹತ್ತಲೇ ಇಲ್ಲ. ಹಾಗೆಯೇ ಹಿಂಡಲು ಕುಳಿತ. ಎಮ್ಮೆ ತೋಳು ಮೂಸಿತು. ಆಮೇಲೆ ಅವನನ್ನು ಬಿಟ್ಟು, ಖಾಲಿ ಕಟ್ಟೆಯ ಕಡೆ ಕತ್ತು ಹೊರಳಿಸಿ ನಿಂತಿತು. ಸ್ವಲ್ಪ ಹೊತ್ತಿಗೆ ಚೊರ್ರೆಂದು ಹಾಲು ಇಳಿಯಿತು, ಮೂರೂವರೆ ಲೀಟರ್. ಹಾಲಿಗೆ ಕಾರಣ ವಾಸನೆ. ಆದರೂ ನಾನೂ ಒಮ್ಮೆ ಆ ಕಟ್ಟೆಯ ಕಡೆ ನೋಡಿದೆ.

"ನನಗೇನರ ಅಂದಾನೇನೋ ಅಂವ?" ಅಕ್ಕಾತಾಯಿ ಮೆಲ್ಲಗೆ ಕೇಳಿದರು.

ಶಿವಗೊಂಡ ಕೈ ನಿಲ್ಲಿಸಲಿಲ್ಲ. "ಅಕ್ಕಾಗ ಚಾ ಆದ್ರೂ ಮಾಡಿಯೇನು ಅಂತ ಕೇಳಾಕತ್ತಾನ."

ಅಕ್ಕಾತಾಯಿ ಸೆರಗಿನಿಂದ ಮುಖ ಒರೆಸಿಕೊಂಡರು. "ಸಕ್ಕರಿ ಬ್ಯಾಡ ಅನ್ನು. ನನಗ ಶುಗರ್ ಬಂದದ್ದು ಅವಗ ಗೊತ್ತಿಲ್ಲ."

ಚಹಾ ಕುಡಿದು ಕೇಸ್ ಶೀಟ್ ತುಂಬಿಸುವಾಗ ಮಾಲೀಕರು ಯಾರೆಂದು ಬರೆಯಲಿ ಎಂದು ಅಕ್ಕಾತಾಯಿಯನ್ನೇ ಕೇಳಿದೆ. "ಶಿವಗೊಂಡಂದ ಬರ್ಕೋರಿ. ಮನ್ಯಾಗ ಇರಾಂವ ಅಂವನ ಅಲ್ಲೇನ್ರಿ," ಎಂದರು.

ದನದ ಹಿಸ್ಟರಿ ಕೇಳುವಾಗ ಮೇವು ಏನು, ಈದು ಎಷ್ಟು ದಿನವಾಯಿತು ಎಂದು ವಿಚಾರಿಸಲು ನಮಗೆ ಕಲಿಸಿದ್ದರು. ಅಂದಿನಿಂದ ಇನ್ನೆರಡು ಪ್ರಶ್ನೆ ಸೇರಿಸಿಕೊಂಡೆ: ಮನೆಯಲ್ಲಿ ಯಾರಾದರೂ ತೀರಿಹೋದರೇ, ಉಳಿದವರನ್ನು ಯಾರಾದರೂ ಮಾತಾಡಿಸಿದರೇ. ಉತ್ತರ ಬರುವವರೆಗೆ ಕೆಚ್ಚಲಿಗೆ ಕೈ ಹಚ್ಚುತ್ತಿರಲಿಲ್ಲ.